ಹೆಸರಿನ ಬದಲಾವಣೆಯೂ ಹೃದಯದ ಬದಲಾವಣೆಯೂ

(ಧ್ಯಾನಭಾಗ: ಪ್ರಕಟನೆ 3ನೆಯ ಅಧ್ಯಾಯ, 1ರಿಂದ 6ನೆಯ ವಚನಗಳು)



ಸಾರ್ದಿಸ್ ಪಟ್ಟಣದ ಸಭೆಗೆ ಒಳ್ಳೇ ಹೆಸರಿತ್ತು. ಕಂಡವರೆಲ್ಲರೂ ಅದನ್ನು ಜೀವವುಳ್ಳ ಸಭೆಯೆಂದು ಎಣಿಸುತ್ತಿದ್ದರು. ಆದರೆ ಕರ್ತನು ಆ ಹೆಸರಿನ ಒಳಗೆ ನೋಡಿ ಅಲ್ಲಿ ಮರಣವನ್ನು ಕಂಡನು. ಆಗ ಆತನು ಅವರಿಗೆ ಬೇರೊಂದು ಹೆಸರನ್ನು ಇಟ್ಟುಕೊಳ್ಳಬೇಕೆಂದು ಅಪ್ಪಣೆಕೊಡಲಿಲ್ಲ. ಎಚ್ಚರಗೊಂಡು, ಮೊದಲು ಕೇಳಿದ ಉಪದೇಶವನ್ನು ಜ್ಞಾಪಕಮಾಡಿಕೊಂಡು, ಮನಸ್ಸು ತಿರುಗಿಸಿಕೊಳ್ಳಬೇಕೆಂದು ಅಪ್ಪಣೆಕೊಟ್ಟನು. ಈ ಮಾತನ್ನು ಮುಂದಿಟ್ಟುಕೊಂಡು, ಅಮೇರಿಕ ದೇಶದ ಒಂದು ಸಭಾಸಂಘವು ತನ್ನ ಹೆಸರನ್ನು ಬದಲಾಯಿಸಿಕೊಂಡ ಸಂಗತಿಯನ್ನು ನಾವು ವಿಚಾರಿಸೋಣ.

ಬ್ಯಾಪ್ಟಿಸ್ಟರೆಂಬವರು ಶಿಶುಗಳಿಗೆ ದೀಕ್ಷಾಸ್ನಾನ ಕೊಡದೆ, ನಂಬಿಕೆಯನ್ನು ತಾವೇ ಅರಿಕೆಮಾಡುವವರನ್ನು ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವವರು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಮ್ ಕೇರಿಯವರು ಈ ಸಭೆಯವರೇ. ಅಮೇರಿಕದ ಉತ್ತರ ಸೀಮೆಗಳ ಬ್ಯಾಪ್ಟಿಸ್ಟ್ ಸಭೆಗಳು 1907ರಲ್ಲಿ ಒಂದು ಮಹಾಸಭೆಯಾಗಿ ಕೂಡಿಕೊಂಡವು. ಆದರೆ ಪರದೇಶಗಳಿಗೆ ಕಳುಹಿಸಲ್ಪಡುವ ಮಿಶನೆರಿಗಳೆಲ್ಲರೂ ಸತ್ಯವೇದದ ಮುಖ್ಯ ಉಪದೇಶಗಳನ್ನು ಒಂದೇ ರೀತಿಯಾಗಿ ನಂಬಬೇಕೋ, ಭಿನ್ನ ಅಭಿಪ್ರಾಯಗಳುಳ್ಳವರನ್ನೂ ಕಳುಹಿಸಬಹುದೋ ಎಂಬ ವ್ಯಾಜ್ಯವು ಅವರಲ್ಲಿ ಬಹು ಕಾಲ ನಡೆಯಿತು. ಪೂರ್ವದ ನಂಬಿಕೆಯನ್ನು ಬಿಗಿಯಾಗಿ ಹಿಡಿದವರು 1943ರಲ್ಲಿ ಪ್ರತ್ಯೇಕವಾದ ಪರದೇಶ ಮಿಶನ್ ಸಂಘವನ್ನು ಮಾಡಿಕೊಂಡು, 1947ರಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ಪಟ್ಟಣದಲ್ಲಿ 'ಕನ್ಸರ್ವೇಟಿವ್ ಬ್ಯಾಪ್ಟಿಸ್ಟ್ ಅಸೋಸಿಯೇಶನ್' ಎಂಬ ಸಂಘವನ್ನು ಸ್ಥಾಪಿಸಿದರು. ಕನ್ಸರ್ವೇಟಿವ್ ಅಂದರೆ ಇದ್ದದ್ದನ್ನು ಕೆಡದಂತೆ ಕಾಯುವವನು. ಪೌಲನು ತಿಮೊಥೆಯನಿಗೆ ಒಪ್ಪಿಸಿದ ಕೆಲಸವೂ ಅದೇ ಅಲ್ಲವೇ?

ಆ ಹೆಸರು ಈಗ ಉಳಿದಿಲ್ಲ. ಅವರ ಪರದೇಶ ಮಿಶನ್ ಸಂಘವು 2005ರಲ್ಲಿ 'ವರ್ಲ್ಡ್‌ವೆಂಚರ್' ಎಂಬ ಹೆಸರನ್ನು ಧರಿಸಿತು. ಸಭಾಸಂಘವು ತನ್ನ ಉದ್ದವಾದ ಹೆಸರನ್ನು ಮೊದಲು 'ಸಿಬಿಅಮೇರಿಕ' ಎಂದು ಮೊಟಕುಮಾಡಿ, ಈಗ 'ವೆಂಚರ್ ಚರ್ಚ್ ನೆಟ್‌ವರ್ಕ್' ಎಂದು ಕರೆಯಲ್ಪಡುತ್ತದೆ. ವೆಂಚರ್ ಅಂದರೆ ಧೈರ್ಯಮಾಡಿ ಹೊರಡುವದು. ಇವರು ಬಿಟ್ಟುಬಂದ ಮಹಾಸಭೆಯಾದರೂ ಹಳೇ ಹೆಸರಿನಲ್ಲಿ ನಿಲ್ಲಲಿಲ್ಲ. ಅದು 1950ರಲ್ಲಿ ಒಂದು ಸಾರಿ, 1972ರಲ್ಲಿ ಇನ್ನೊಂದು ಸಾರಿ ಹೆಸರನ್ನು ಬದಲಾಯಿಸಿಕೊಂಡಿತು. ಹೀಗೆ ಅಗಲಿದ ಇಬ್ಬರೂ ಹೊಸ ಹೆಸರುಗಳನ್ನು ಪಡೆದರು. ಅಗಲಿಕೆಯು ಮಾತ್ರ ಹಾಗೆಯೇ ಇದೆ.

ಇದನ್ನು ಕುರಿತು ಒಬ್ಬನು ಸಂತೋಷಿಸಬಹುದು, ಇನ್ನೊಬ್ಬನು ದುಃಖಿಸಬಹುದು. ನಾವು ಮೂರು ಮಾತುಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ಸಭೆಗಳ ಹೆಸರುಗಳು ಪರಲೋಕದಿಂದ ಇಳಿದುಬಂದವುಗಳಲ್ಲ. ಅಂತಿಯೋಕ್ಯದಲ್ಲಿ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಹೊರಗಿನವರ ಬಾಯಿಂದ ಬಂದಂತೆ ಕಾಣುತ್ತದೆ. ಮೆಥೊಡಿಸ್ಟ್ ಎಂಬದು ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ವೆಸ್ಲಿ ಸಹೋದರರನ್ನೂ ಅವರ ಸಂಗಡಿಗರನ್ನೂ ಹಾಸ್ಯಮಾಡಿ ಇಟ್ಟ ಅಡ್ಡಹೆಸರು. ಮನುಷ್ಯರು ಇಟ್ಟದ್ದನ್ನು ಮನುಷ್ಯರು ಬದಲಾಯಿಸಬಹುದು. ಕನ್ಸರ್ವೇಟಿವ್ ಎಂಬ ಮಾತನ್ನು 1947ರ ಸಭೆಯವರು ಸತ್ಯವೇದಕ್ಕೆ ನಂಬಿಗಸ್ತರೆಂಬ ಅರ್ಥದಲ್ಲಿ ಆರಿಸಿಕೊಂಡರು. ಈಗಲಾದರೋ ಆ ದೇಶದ ದಾರಿಹೋಕನು ಅದನ್ನು ಕೇಳಿದ ಕೂಡಲೇ ರಾಜ್ಯಕಾರ್ಯದ ಒಂದು ಪಕ್ಷದ ಹೆಸರೆಂದು ಎಣಿಸುವನು. ಮಳೆಗಾಲದಲ್ಲಿ ಕದವು ಉಬ್ಬಿ ತೆರೆಯದೆ ಹೋದರೆ ಮನೆಯ ಯಜಮಾನನು ಅದರ ಅಂಚನ್ನು ಕೆತ್ತುತ್ತಾನೆ. ಅದರಿಂದ ಮನೆಯು ಬೀಳುವದಿಲ್ಲ, ಅತಿಥಿಯು ಒಳಗೆ ಬರುತ್ತಾನೆ. ಕೆಲವರನ್ನಾದರೂ ರಕ್ಷಣೆಗೆ ತರಬೇಕೆಂದು ಪೌಲನು ಎಲ್ಲರಿಗೂ ಎಲ್ಲವೂ ಆದನು.

ಎರಡನೆಯದಾಗಿ, ನೆರೆಯವನ ಮೇಲಣ ಪ್ರೀತಿಯಿಂದ ಹೆಸರನ್ನು ಬಿಡುವದು ಬೇರೆ, ನಾಚಿಕೆಯಿಂದ ಬಿಡುವದು ಬೇರೆ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಪೇತ್ರನು ಕರ್ತನ ಶಿಷ್ಯನೆಂಬ ಹೆಸರನ್ನು ಯಾರ ರಕ್ಷಣೆಗೋಸ್ಕರವೂ ಬಿಡಲಿಲ್ಲ. ಒಬ್ಬ ದಾಸಿಗೆ ಹೆದರಿ ಬಿಟ್ಟನು. ಆ ಹಿರಿಯರು ಯಾವದನ್ನು ಕಾಯುವದಕ್ಕೋಸ್ಕರ ಅಗಲಿಕೆಯ ನೋವನ್ನು ತಾಳಿಕೊಂಡರೋ, ಅದು ಹೊಸ ಹೆಸರಿನ ಕೆಳಗೂ ಕಾಯಲ್ಪಡುತ್ತದೋ? ಇದಕ್ಕೆ ಉತ್ತರವು ದೇವಾಲಯದ ಬಾಗಿಲ ಮೇಲಣ ಹಲಗೆಯಲ್ಲಿ ಸಿಕ್ಕುವದಿಲ್ಲ. ಭಾನುವಾರ ಮಕ್ಕಳಿಗೆ ಏನು ಕಲಿಸಲ್ಪಡುತ್ತದೆ, ಸೋಮವಾರ ಯಾವ ರೋಗಿಯ ಮನೆಗೆ ಹೋಗುತ್ತಾರೆ ಎಂಬದರಿಂದ ಅದು ತಿಳಿದುಬರುವದು.

ಮೂರನೆಯದಾಗಿ, ಹೆಸರು ಪಶ್ಚಾತ್ತಾಪಪಡಲಾರದು. ಅದೇ ದೇಶದ ದಕ್ಷಿಣ ಸೀಮೆಯ ಬ್ಯಾಪ್ಟಿಸ್ಟರು 1845ರಲ್ಲಿ ಬೇರೆಯಾದರು. ಗುಲಾಮರನ್ನು ಇಟ್ಟುಕೊಂಡವನು ಮಿಶನೆರಿಯಾಗಬಹುದೋ ಎಂಬ ವಾದದಲ್ಲಿ ಅವರು ಗುಲಾಮರ ಯಜಮಾನನ ಕಡೆ ನಿಂತರು. 'ದಕ್ಷಿಣದವರು' ಎಂಬ ಹೆಸರಿಗೆ ಆ ಕಲೆಯು ಅಂಟಿಕೊಂಡಿತು. 150 ವರುಷಗಳಾದ ಮೇಲೆ, 1995ರಲ್ಲಿ, ಅವರು ಕೂಡಿಬಂದು ಆ ಪಾಪವನ್ನು ಅರಿಕೆಮಾಡಿ ಕ್ಷಮಾಪಣೆ ಬೇಡಿದರು. 2012ರಲ್ಲಿ, ಇಷ್ಟವುಳ್ಳ ಸಭೆಗಳು ಕರ್ತನ ಮಹಾ ಆಜ್ಞೆಯ ಬ್ಯಾಪ್ಟಿಸ್ಟರೆಂಬರ್ಥದ ಹೆಸರಿನಿಂದ ಕರೆಯಿಸಿಕೊಳ್ಳಬಹುದೆಂದು ನಿರ್ಣಯಿಸಿದರು. ಕಾನೂನಿನ ಹೆಸರು ಹಳೆಯದೇ ಉಳಿಯಿತು. ಪ್ರಿಯರೇ, ಈ ಕ್ರಮವನ್ನು ಗಮನಿಸಿರಿ. ಅರಿಕೆಯು ಮೊದಲು ಬಂತು, ಹೆಸರು ಅನಂತರ ಬಂತು. ಅರಿಕೆಯಿಲ್ಲದೆ ಹೆಸರು ಮಾತ್ರ ಬಂದಿದ್ದರೆ ಅದು ಬಿರುಕುಬಿಟ್ಟ ಗೋಡೆಗೆ ಬಳಿದ ಸುಣ್ಣವಾಗುತ್ತಿತ್ತು.

ಯಾಕೋಬನಿಗೂ ಹೀಗೆಯೇ ಆಯಿತು. ಯಬ್ಬೋಕ್ ಹೊಳೆಯ ಹತ್ತಿರ ಆತನಿಗೆ ಇಸ್ರಾಯೇಲನೆಂಬ ಹೆಸರು ಕೊಡಲ್ಪಡುವದಕ್ಕೆ ಮುಂಚೆ, ನಿನ್ನ ಹೆಸರೇನೆಂಬ ಪ್ರಶ್ನೆಯುಂಟಾಯಿತು. ಅಣ್ಣನನ್ನು ವಂಚಿಸಿದವನು ತನ್ನ ಹಳೇ ಹೆಸರನ್ನು ತನ್ನ ಬಾಯಿಂದಲೇ ಹೇಳಬೇಕಾಯಿತು. ಹೊಸ ಹೆಸರಿನೊಂದಿಗೆ ಕುಂಟುವ ಕಾಲನ್ನೂ ಪಡೆದು ಹೋದನು. ಬಂಡೆಯೆಂಬರ್ಥದ ಹೆಸರನ್ನು ಪಡೆದ ಪೇತ್ರನು ಗೆತ್ಸೇಮನೆಯಲ್ಲಿ ನಿದ್ರೆಮಾಡುತ್ತಿದ್ದಾಗ ಕರ್ತನು ಅವನನ್ನು ಪುನಃ ಸೀಮೋನನೆಂದೇ ಕರೆದನು.

ಇನ್ನು ಈ ಮಾತು ನಮಗೂ ಸಂಬಂಧಪಟ್ಟದ್ದು. ಅಮೇರಿಕದಲ್ಲಿ ಆ ಸಂಘವು ಅಗಲಿ ಸ್ಥಾಪಿತವಾದ 1947ರಲ್ಲಿಯೇ, ಸಪ್ಟಂಬರ್ 27ರಂದು, ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ತಮ್ಮ ಹೆಸರುಗಳನ್ನು ಕೆಳಗಿಟ್ಟು ದಕ್ಷಿಣ ಇಂಡಿಯಾ ಸಭೆ ಎಂದು ಒಂದಾದವು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಅವುಗಳಲ್ಲಿ ಸೇರಿದ್ದವು. ಅದಕ್ಕೆ ದೇವರಿಗೆ ಸ್ತೋತ್ರ. ನಮ್ಮ ಹಿರಿಯರಲ್ಲಿ ಅನೇಕರು ದೀಕ್ಷಾಸ್ನಾನದ ದಿನದಲ್ಲಿ ಹೊಸ ಹೆಸರನ್ನೂ ಪಡೆದರು. ಆದರೆ ಮಕ್ಕಳಿಗೆ ಸಂಬಂಧ ನೋಡುವಾಗ ನಾವು ಮೊದಲು ಯಾವ ಹೆಸರನ್ನು ವಿಚಾರಿಸುತ್ತೇವೆ? ಕ್ರಿಸ್ತನ ಹೆಸರನ್ನೋ, ಬಿಟ್ಟುಬಂದೆವೆಂದು ಹೇಳುವ ಕೇರಿಯ ಹೆಸರನ್ನೋ? ಕರ್ತನ ಭೋಜನದಲ್ಲಿ ಪಾತ್ರೆಯು ನಮಗಿಂತ ಮುಂಚೆ ಯಾರ ತುಟಿಗೆ ಮುಟ್ಟಿತೆಂದು ಕಣ್ಣು ಹುಡುಕುತ್ತದೋ? ಹಾಗಿದ್ದರೆ ಹಲಗೆಯ ಮೇಲೆ ಬರೆದ ಹೆಸರು ಎಷ್ಟು ಚೆಲುವಾಗಿದ್ದರೂ ನಾವು ಸಾರ್ದಿಸಿನವರೇ.

ಆದಕಾರಣ ಹೆಸರು ಬದಲಾಯಿಸಿದ ಸಭೆಗಳನ್ನು ನಿಂದಿಸದೆ, ಅವು ಕಾಯಬೇಕಾದದ್ದನ್ನು ಕಾಯುವಂತೆ ಪ್ರಾರ್ಥಿಸಿರಿ. ನಿಮ್ಮ ಮನೆಗಳಲ್ಲಿಯೂ ಹಳೇ ಹೆಸರು ಯಾವ ಮೂಲೆಯಲ್ಲಿ ಅಡಗಿದೆಯೆಂದು ಈ ತಿಂಗಳು ದೀಪ ಹಿಡಿದು ಹುಡುಕಿರಿ. ಸಿಕ್ಕಿದರೆ ಯಾಕೋಬನಂತೆ ಅದನ್ನು ಬಾಯಿಂದ ಅರಿಕೆಮಾಡಿರಿ. ಸತ್ತಂತಿದ್ದ ಸಾರ್ದಿಸಿನಲ್ಲಿಯೂ ಬಟ್ಟೆಗಳನ್ನು ಮಲಿನಮಾಡಿಕೊಳ್ಳದ ಕೆಲವರಿದ್ದರು. ಮೂಲ ಗ್ರೀಕ್ ಭಾಷೆಯಲ್ಲಿ ಅವರನ್ನು 'ಕೆಲವು ಹೆಸರುಗಳು' ಎಂದೇ ಹೇಳಿದೆ. ಸಂಘದ ಹೆಸರು ಹೇಗಿದ್ದರೂ ಕರ್ತನು ಆ ಒಬ್ಬೊಬ್ಬನ ಹೆಸರನ್ನು ಬಲ್ಲವನಾಗಿದ್ದನು. ಜಯಹೊಂದುವವನ ಹೆಸರನ್ನು ಜೀವಗ್ರಂಥದಿಂದ ಅಳಿಸದೆ ತನ್ನ ತಂದೆಯ ಮುಂದೆ ಹೇಳುವೆನೆಂದು ಮಾತುಕೊಟ್ಟಿದ್ದಾನೆ. ಆ ದಿನದಲ್ಲಿ ನಮ್ಮ ಹೆಸರುಗಳೂ ಆತನ ಬಾಯಲ್ಲಿ ಕೇಳಿಬರುವಂತೆ ಆತನೇ ಕೃಪೆಮಾಡಲಿ. ಆಮೆನ್.