ಕಂಬ ಕೊಟ್ಟ ಭಾಷೆ

ತುಮಕೂರಿನಿಂದ ಬೆಂಗಳೂರಿಗೆ ಹೋದಾಗಲೆಲ್ಲ ಮೈಸೂರು ಬ್ಯಾಂಕ್ ವೃತ್ತದ ಆ ಹಳೆಯ ಕಟ್ಟಡವನ್ನು ತಲೆಯೆತ್ತಿ ನೋಡುತ್ತೇನೆ. ದುಡ್ಡಿನ ಲೆಕ್ಕ ಬರೆಯುವ ಜಾಗಕ್ಕೆ ಅರಮನೆಯ ಗತ್ತು ಏಕೆ ಬೇಕಿತ್ತು?

ಬೇಕಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರ ಅಕ್ಟೋಬರಿನಲ್ಲಿ ಮೈಸೂರು ಬ್ಯಾಂಕು ಬಾಗಿಲು ತೆರೆಯಿತು. ಅದಕ್ಕೆ ಏಳು ವರ್ಷ ಮುಂಚೆ ಮದರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತ್ತು. ಅದೇ 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕೂ ಮುಳುಗಿತು. ಠೇವಣಿಗೆ ವಿಮೆ ಎಂಬುದು ಬಂದದ್ದೇ 1962ರಲ್ಲಿ. ಕುಣಿಗಲ್ಲಿನ ನಮ್ಮ ಅಜ್ಜಿಯಂಥವರು ದುಡ್ಡಿನ ಗಂಟನ್ನು ರಾಗಿಯ ವಾಡೆಯೊಳಗೆ ಹುದುಗಿಸಿಡುತ್ತಿದ್ದರು. ಆ ಗಂಟು ಹೊರಗೆ ಬರಬೇಕಾದರೆ ‘ನಾನು ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದು ಕಟ್ಟಡವೇ ಹೇಳಬೇಕಿತ್ತು. ಆ ಕಾಲದಲ್ಲಿ ದೇಶವಿದೇಶಗಳ ಎಷ್ಟೋ ಬ್ಯಾಂಕುಗಳು ಗ್ರೀಕರ ದೇವಾಲಯದಂತೆ ಸಾಲುಗಂಬ ನಿಲ್ಲಿಸಿಕೊಂಡದ್ದು ಇದಕ್ಕೇ.

ಇದು ಮೋಸವೇ? ಹಾಗೆನ್ನಲಾರೆ. ಕಂಬವೆಂದರೆ ಕೊಟ್ಟ ಭಾಷೆ. ಅದನ್ನು ಉಳಿಸಿಕೊಳ್ಳಬೇಕಾದವರು ಒಳಗೆ ಕೂತವರು. ಮೈಸೂರು ಬ್ಯಾಂಕು ನೂರು ವರ್ಷ ಮೀರಿ ನಡೆದು, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಸೇರಿತು. ಹೆಸರು ಹೋಯಿತು, ಜನರ ಠೇವಣಿ ಹೋಗಲಿಲ್ಲ.

ಈ ವಿಚಾರ ನನ್ನನ್ನು ಕಾಡುವುದಕ್ಕೆ ಬೇರೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಒಂದು ಫೈನಾನ್ಸ್ ಕಂಪನಿ ಶುರುವಾಯಿತು. ಮಿರುಗುವ ಗ್ರಾನೈಟ್ ನೆಲ, ಗಾಜಿನ ಬಾಗಿಲು, ನಗುಮುಖದ ಹುಡುಗರು. ನೋಡಿ ಮೆಚ್ಚಿದೆ. ಗುಬ್ಬಿಯಲ್ಲಿ ನಮ್ಮ ಶಾಲೆಯ ಆಯಾ, ಮಗಳ ಮದುವೆಗೆಂದು ಕೂಡಿಸಿದ್ದನ್ನು ಎಲ್ಲಿಡಲಿ ಎಂದು ಕೇಳಿದಾಗ ಅದರ ಹೆಸರನ್ನೇ ಹೇಳಿದೆ. ಎರಡೇ ವರ್ಷಕ್ಕೆ ಗಾಜಿನ ಬಾಗಿಲಿಗೆ ಬೀಗ ಬಿತ್ತು. ಬ್ಯಾಂಕಿನ ಠೇವಣಿಗಿರುವ ವಿಮೆ ಅಂಥ ಕಂಪನಿಗಳಿಗಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

“ಆ ಕಟ್ಟಡ ನೋಡಿ ಇಬ್ಬರೂ ಮರುಳಾದೆವಲ್ಲ” ಎಂದೆ, ಸಮಾಧಾನ ಹೇಳುವವಳಂತೆ.

“ನಾನೆಲ್ಲಿ ನೋಡಿದ್ದೆ ಮೇಡಮ್ಮೋರೆ? ನೀವೇಳಿದ್ರಲ್ಲ ಅಂತ ಮಗನ ಕೈಲಿ ಕಟ್ಟಿಸ್ದೆ” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅಂದರೆ, ಅವಳ ಪಾಲಿಗೆ ಕಂಬ ನಾನೇ ಆಗಿದ್ದೆ. ಮೂವತ್ತು ವರ್ಷದ ಮೇಷ್ಟ್ರಗಿರಿ, ಬಿ.ಎ., ಬಿ.ಎಡ್., ಇಸ್ತ್ರಿ ಮಾಡಿದ ಸೀರೆ, ಎಲ್ಲ ಸೇರಿ ಅವಳಿಗೊಂದು ಭಾಷೆ ಕೊಟ್ಟಿದ್ದವು. ಜನ ನಮ್ಮನ್ನು ನಂಬುವುದು ಗೌರವವೆಂದು ಸಂತೋಷಪಡುತ್ತೇವೆ. ಅದು ಹೊಣೆಯೂ ಹೌದೆಂಬುದು ಲೆಕ್ಕ ತಪ್ಪಿದ ಮೇಲೆ ಗೊತ್ತಾಗುತ್ತದೆ.

ಕಾನೂನು ನನ್ನನ್ನೇನೂ ಕೇಳುವುದಿಲ್ಲ. ಆದರೂ ಪ್ರತಿ ತಿಂಗಳ ಸಂಬಳದಲ್ಲಿ ಒಂದಿಷ್ಟನ್ನು ಅವಳ ಕೈಗಿಡುತ್ತಿದ್ದೇನೆ. ಬೇಡವೆನ್ನುತ್ತಾಳೆ, ಇದು ದಾನವಲ್ಲ ಕಣೇ, ಬಾಕಿ, ಎನ್ನುತ್ತೇನೆ. ಇನ್ನು ಹದಿನಾಲ್ಕು ಕಂತು ಉಳಿದಿದೆ.