ಶರಣಬಸಪ್ಪಾ, ಇವರ ಮಾತು ಇವರ ಕೈಯಲ್ಲೇ ಇರಲಿ

ಶರಣಬಸಪ್ಪಾ, ಈ ಸಲ ನಿನ್ನ ಗುಡಿಗೆ ಕಾಯಿ ಕರ್ಪೂರ ತಂದಿಲ್ಲ. ಕಂಕುಳಲ್ಲಿ ಹಾಳೆಗಳದೊಂದು ಕಟ್ಟು ಇದೆ, ಡಿಗ್ರಿ ಕೊನೆಯ ವರ್ಷದ ಮಕ್ಕಳು ಬರೆದುಕೊಟ್ಟದ್ದು. ಮೂರು ವರ್ಷದಲ್ಲಿ ನಿಮ್ಮ ಓದು ಬರಹ ಏನಾಯಿತು, ನಿಮಗೆ ತಿಳಿದಂತೆ ಬರೆಯಿರಿ ಎಂದಿದ್ದೆ. ಇದಕ್ಕೆ ಅಂಕ ಇಲ್ಲ ಎಂದೂ ಹೇಳಿದ್ದೆ. ಅಂಕವಿಲ್ಲವೆಂದು ಗೊತ್ತಿದ್ದೂ ಬರೆದರು. ಕನ್ನಡ ಪಾಠ ಹೇಳುವವರಿಗೆ ಇದು ಸಣ್ಣ ಸುದ್ದಿಯಲ್ಲ ಅಪ್ಪಾ. ಇದನ್ನೇ ನಿನ್ನ ಪಾದಕ್ಕೆ ಇಡುತ್ತಿದ್ದೇನೆ.

ಇವರು ಯಾರ ಮಕ್ಕಳೆಂದು ನಿನಗೆ ಹೇಳಬೇಕಿಲ್ಲ. ಹೋಳಿ ಮುಗಿದ ಮೇಲೆ ನಿನ್ನ ತೇರಿಗೆ ಬಂದು ಉತ್ತತ್ತಿ ಎಸೆಯುವವರೇ. ಬೆಳಿಗ್ಗೆ ಮಹಾಗಾಂವ ಕ್ರಾಸಿನಲ್ಲಿ ನಿಂತು, ಹುಮನಾಬಾದ ಕಡೆಯಿಂದ ತುಂಬಿಕೊಂಡು ಬರುವ ಬಸ್ಸಿಗೆ ಕೈ ಮಾಡಿ, ಕಲಬುರಗಿಗೆ ಬರುವವರು. ಕೆಲವರು ಕುರಿಕೋಟಾದವರು, ಕೆಲವರು ಕಮಲಾಪುರದ ಕೆಂಪು ಬಾಳೆ ತೋಟಗಳ ಮಗ್ಗುಲಿನವರು, ಕೆಲವರು ತಾಂಡಾದವರು. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ಮರಾಠಿ ಬೆರೆತ ಕನ್ನಡ, ಕ್ಲಾಸಿನಲ್ಲಿ ಪುಸ್ತಕದ ಕನ್ನಡ. ಒಂದೇ ದಿನದಲ್ಲಿ ಇಷ್ಟನ್ನೂ ದಾಟಿ ಸಂಜೆ ಮನೆ ಸೇರುತ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ಹೋಯಿತು, ಸೀಟಿನ ಚಿಂತೆ ಉಳಿಯಿತು. ಒಬ್ಬಾಕೆ ಬರೆದಿದ್ದಾಳೆ: ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪುಸ್ತಕ ಹಿಡಿದು ನಿಂತುಕೊಂಡೇ ಓದುವುದನ್ನು ಕಲಿತೆ, ಈಗ ಕೂತು ಓದಿದರೆ ನಿದ್ದೆ ಬರುತ್ತದೆ ಅಂತ. ಬೆಳವಣಿಗೆ ಅಂದರೆ ಆಕೆಗೆ ಇದೂ ಸೇರಿ.

ಮೊದಲ ವರ್ಷ ಇವರು ಬರೆಯುತ್ತಿದ್ದುದು ಹೇಗಿತ್ತು, ಕೇಳು. ಝೆರಾಕ್ಸ್ ಅಂಗಡಿಯಲ್ಲಿ ಗೈಡಿನ ಹಾಳೆ ಸಿಗುತ್ತದೆ. ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಿದ್ದು ಜಿಲ್ಲೆಯ ತೊಗರಿ ಹೊಲದಲ್ಲೇ ಒಣಗಿ ನಿಂತಿತ್ತು. ಆ ಚಳಿಗಾಲದಲ್ಲಿ ರೈತನ ಮೇಲೆ ಪ್ರಬಂಧ ಬರೆಯಿರಿ ಎಂದರೆ ಇಡೀ ಕ್ಲಾಸು ಒಂದೇ ಸಾಲಿನಿಂದ ಶುರು ಮಾಡಿತು, ರೈತನು ದೇಶದ ಬೆನ್ನೆಲುಬಾಗಿದ್ದಾನೆ ಎಂದು. ಬರೆದವರ ಅಪ್ಪಂದಿರು ಅದೇ ವಾರ ಒಣಗಿದ ಗಿಡ ಕಿತ್ತು ಗಾಡಿಗೆ ಹಾಕುತ್ತಿದ್ದರು. ಮಗನ ಹಾಳೆಯಲ್ಲಿ ಆ ಗಾಡಿ ಇಲ್ಲ, ಆ ಹೊಲ ಇಲ್ಲ, ಸೊಸಾಯಿಟಿಯ ಸಾಲ ಇಲ್ಲ. ಅಕ್ಷರದಲ್ಲಿ ಒಂದು ತಪ್ಪೂ ಇಲ್ಲ, ಅದು ಬೇರೆ ಮಾತು. ಸೊನ್ನೆ ಕೊಡಲು ಬರುವುದಿಲ್ಲ, ಪೂರ್ತಿ ಕೊಡಲು ಮನಸ್ಸು ಬರುವುದಿಲ್ಲ. ಅಂಥ ಹಾಳೆಗಳನ್ನು ತಿದ್ದುವವರಿಗೆ ನೀನೇ ಗತಿ.

ಇದು ಮಕ್ಕಳ ತಪ್ಪು ಎನ್ನಲು ನನ್ನ ಬಾಯಿ ಏಳುವುದಿಲ್ಲ. ಶಾಲೆಯಲ್ಲಿ ಕಲಿಸಿದ್ದು ಅದನ್ನೇ. ಗೈಡಿನಂತೆ ಬರೆದವನು ಪಾಸು, ತನ್ನಂತೆ ಬರೆದವನ ಹಾಳೆ ತುಂಬ ಕೆಂಪು. ಈಗಂತೂ ಝೆರಾಕ್ಸ್ ಅಂಗಡಿಗೂ ಹೋಗಬೇಕಿಲ್ಲ, ಮೊಬೈಲಿಗೆ ಕೇಳಿದರೆ ಅದೇ ಬೆನ್ನೆಲುಬು ಇನ್ನಷ್ಟು ನುಣುಪಾಗಿ ಬರುತ್ತದೆ. ಗೈಡಿನಲ್ಲಿ ಅಚ್ಚಿನ ತಪ್ಪಾದರೂ ಇರುತ್ತಿತ್ತು, ನಕಲು ಮಾಡಿದವರು ಅದರಿಂದಲೇ ಸಿಕ್ಕಿಬೀಳುತ್ತಿದ್ದರು.

ಬದಲಾದದ್ದು ಯಾವಾಗ ಎಂದು ಈ ಹಾಳೆಗಳಲ್ಲಿ ಹುಡುಕಿದೆ. ಹೆಚ್ಚಿನವರು ಹೆಸರಿಸಿದ್ದು ಗೀತಾ ನಾಗಭೂಷಣ ಅವರನ್ನು. ನಮ್ಮ ಜಿಲ್ಲೆಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದವರು, ದುಡಿಯುವವರ ಮನೆಯ ಮಗಳು. ಕಚೇರಿಯಲ್ಲಿ ಗುಮಾಸ್ತೆ ಕೆಲಸ ಮಾಡುತ್ತ ಓದಿ, ಮುಂದೆ ಕಾಲೇಜಿನಲ್ಲಿ ಪಾಠ ಹೇಳಿದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇವೆಲ್ಲ ಒಂದು ಅಂಕದ ಪ್ರಶ್ನೆಗೆ ಸಾಕಾಗುವ ಸಂಗತಿಗಳು. ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಕಾದಂಬರಿಯ ಮಂದಿ ಮಾತಾಡುವುದು ಕಲಬುರಗಿಯ ಓಣಿಯ ಮಾತು. ಗ್ರಂಥಾಲಯದ ಪ್ರತಿಯನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದಾಗ ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತ. “ಸರ್, ಇದು ನಮ್ ಆಯಿ ಮಾತಾಡ್ದಂಗೇ ಅದರಿ. ಹಿಂಗ ಬರದ್ರ ನಡಿತದೇನ್ರಿ?” ಅಂದ. ಕ್ಲಾಸು ನಕ್ಕಿತು. ಅವನು ಮಾತ್ರ ನಗಲಿಲ್ಲ, ಉತ್ತರಕ್ಕೆ ಕಾದು ನಿಂತೇ ಇದ್ದ.

ನಡೆಯುತ್ತದೆ ಎಂದೆ. ಅಪ್ಪಾ, ಅಂದು ಹಾಗೆ ಹೇಳಿದ್ದಕ್ಕೆ ನನಗೆ ಧೈರ್ಯ ಕೊಟ್ಟದ್ದು ನೀನಲ್ಲ, ಇದೇ ನೆಲದ ಒಂದು ಹಳೆಯ ಪುಸ್ತಕ. ಸೇಡಂ ತಾಲ್ಲೂಕಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕಟ್ಟಿದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ. ಓದದವರೂ ಕಾವ್ಯದಲ್ಲಿ ಪಳಗಿದವರು ಎಂದು ಕನ್ನಡದ ಜನರನ್ನು ಅದು ಹೊಗಳಿದ್ದನ್ನು ಭಾಷಣ ಮಾಡುವವರೆಲ್ಲ ಬಾಯಿಪಾಠ ಹೇಳುತ್ತಾರೆ. ಅದೇ ಗ್ರಂಥದ ಇನ್ನೊಂದು ಮಾತನ್ನು ಯಾರೂ ವೇದಿಕೆ ಮೇಲೆ ತರುವುದಿಲ್ಲ. ಸೀಮೆಗೊಂದು ಕನ್ನಡ ಇರುವುದರಿಂದ ಅವುಗಳ ದೋಷಗಳನ್ನೆಲ್ಲ ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬರುತ್ತದಂತೆ. ಹಾವಿಗೇ ಬೇಸರ ಬಂದ ಕೆಲಸವನ್ನು ನಾವು ಕೆಂಪು ಪೆನ್ನು ಹಿಡಿದು ವರ್ಷಕ್ಕೆ ಎರಡು ಸಲ ಮಾಡುತ್ತೇವೆ.

ಅದೇ ಮಳಖೇಡ ಇರುವ ಜಿಲ್ಲೆ 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಶೇ 42.43 ತೆಗೆದು ರಾಜ್ಯಕ್ಕೇ ಕೊನೆಯಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರ ಮೇಲಿದ್ದರೆ ನಮ್ಮದು 65ಕ್ಕೂ ಮುಟ್ಟಲಿಲ್ಲ. ಪೇಪರಿನವರು ಪ್ರತಿ ವರ್ಷ ಇದನ್ನು ಬರೆಯುತ್ತಾರೆ, ಬೆಂಗಳೂರಿನವರು ಓದಿ ತಲೆ ಆಡಿಸುತ್ತಾರೆ. ಇದರ ಹಿಂದಿನ ಕಥೆ ನೀನು ಕಂಡದ್ದು. 1948ರ ಸೆಪ್ಟೆಂಬರ್ 17ರ ತನಕ ಇಲ್ಲಿ ನಿಜಾಮನ ಆಡಳಿತ, ಕಚೇರಿಯದೂ ಶಾಲೆಯದೂ ಉರ್ದು. ಮುತ್ಯಾನ ಕಾಲದ ಹೊಲದ ಕಾಗದ ಓದಿಸಲು ಇಂದಿಗೂ ಉರ್ದು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗುವ ಮನೆಗಳಿವೆ. ಆ ದಿನಗಳಲ್ಲೇ ನಿನ್ನ ಪೀಠದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಊಟದ ದಾಸೋಹದ ಪಕ್ಕದಲ್ಲಿ ಅಕ್ಷರದ ದಾಸೋಹ. ಆದರೂ ಒಂದು ಸೀಮೆ ತನ್ನ ನುಡಿಯಲ್ಲಿ ಓದಲು ಶುರು ಮಾಡಿದ್ದು ತಡವಾದರೆ ಆ ತಡ ಒಂದು ತಲೆಮಾರಿಗೆ ತೀರುವುದಿಲ್ಲ. ಸಂವಿಧಾನಕ್ಕೆ ಈ ಸೀಮೆಯ ಸಲುವಾಗಿ 371(ಜೆ) ಕಲಮು ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಸೀಟು ಸಿಕ್ಕವು, ನೌಕರಿಯಲ್ಲಿ ಪಾಲು ಸಿಕ್ಕಿತು. ಅಪ್ಪ ಅವ್ವ ಓದದ ಮನೆಯಿಂದ ಬಂದ ಹುಡುಗಿ ಒಂದು ಪುಟವನ್ನು ತಾನೇ ಅರ್ಥ ಮಾಡಿಕೊಳ್ಳುವುದು ಮಾತ್ರ ಯಾವ ಕಲಮಿನಿಂದಲೂ ಆಗುವುದಿಲ್ಲ. ಅದಕ್ಕೆ ಪುಸ್ತಕ ಬೇಕು, ತಾಳ್ಮೆಯ ಮೇಷ್ಟ್ರು ಬೇಕು, ಬೈಸಿಕೊಳ್ಳದೆ ತಪ್ಪು ಓದಲು ಒಂದು ಜಾಗ ಬೇಕು.

ಎರಡನೆಯ ವರ್ಷದ ಒಂದು ಸಂಗತಿ ಹೇಳಲೇಬೇಕು. ಬೆಳಗಿನ ಬಸ್ಸು ತುಂಬಿ ಬಂದರೆ ಕ್ರಾಸಿನಲ್ಲಿ ನಿಲ್ಲುವುದಿಲ್ಲ. ಹತ್ತರ ಕ್ಲಾಸು ಇವರಿಗೆ ಹನ್ನೊಂದಕ್ಕೆ. ಬಾಯಲ್ಲಿ ದೂರುವ ಬದಲು ಅರ್ಜಿ ಬರೆಯಿರಿ ಎಂದೆ. ಮೊದಲ ಅರ್ಜಿ ಬಂತು. ಮಾನ್ಯರೇ, ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ಎಂದು ಅರ್ಧ ಪುಟ ವಿನಯವೇ. ಯಾವ ಬಸ್ಸು, ಎಷ್ಟು ಗಂಟೆಗೆ, ಎಷ್ಟು ಜನ ನಿಂತಿರುತ್ತಾರೆ, ಒಂದೂ ಇಲ್ಲ. ಓದಿದ ಅಧಿಕಾರಿಗೆ ಏನು ಮಾಡಬೇಕೆಂದು ತಿಳಿಯಬೇಕಲ್ಲ ಎಂದು ಕೇಳಿದೆ. ಮರಳಿ ಬರೆದರು. ಈ ಸಲ ಸಿಟ್ಟೇ ತುಂಬಿತ್ತು, ವಿಷಯ ಮತ್ತೆ ತಪ್ಪಿಸಿಕೊಂಡಿತು. ಆಮೇಲೆ ಇಬ್ಬರು ಹುಡುಗಿಯರು ಒಂದು ವಾರ ಕ್ರಾಸಿನಲ್ಲಿ ನಿಂತು ಬಸ್ಸು ಬಂದ ಹೊತ್ತು, ನಿಂತಿತೋ ಇಲ್ಲವೋ, ಎಷ್ಟು ಜನ ಉಳಿದರು ಎಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದುಕೊಂಡರು. ಆ ಪಟ್ಟಿ ಇಟ್ಟುಕೊಂಡು ಬರೆದ ಅರ್ಜಿ ಮುಕ್ಕಾಲು ಪುಟಕ್ಕೆ ಮುಗಿಯಿತು. ಅದರಲ್ಲಿ ಒಂದು ಸವಿನಯ, ಉಳಿದದ್ದೆಲ್ಲ ಸಂಗತಿ. ಈಗ ಆ ಬಸ್ಸು ಕೆಲವು ದಿನ ನಿಲ್ಲುತ್ತದೆ, ಕೆಲವು ದಿನ ನಿಲ್ಲುವುದಿಲ್ಲ. ಆದರೆ ಆ ಇಬ್ಬರಲ್ಲಿ ಒಬ್ಬಾಕೆ ಅವ್ವನ ವಿಧವಾ ವೇತನ ನಿಂತುಹೋದಾಗ ಯಾರ ಕೈಕಾಲೂ ಹಿಡಿಯದೆ ತಾನೇ ಅರ್ಜಿ ಬರೆದು ನಾಡ ಕಚೇರಿಗೆ ಕೊಟ್ಟು ಬಂದಿದ್ದಾಳೆ. ಹತ್ತು ಪ್ರಬಂಧ ಬರೆಸಿದ್ದರೂ ಆಗದ್ದು ಒಂದು ಅರ್ಜಿಯಿಂದ ಆಯಿತು. ಡಿಗ್ರಿ ಸಿಲೆಬಸ್ಸಿನಲ್ಲಿ ಅರ್ಜಿಗೆ ಇರುವ ಜಾಗ ಎಷ್ಟು ಎಂದು ಕೇಳಬೇಡ, ನನಗೆ ಸಿಟ್ಟು ಬರುತ್ತದೆ.

ತಾಂಡಾದ ಹುಡುಗನೊಬ್ಬ ಬರೆದ ಹಾಳೆ ಮೇಲಕ್ಕೇ ಇಟ್ಟಿದ್ದೇನೆ, ನೋಡು. ಸುಗ್ಗಿ ಮುಗಿದ ಮೇಲೆ ಅವನ ಅಪ್ಪ ಅವ್ವ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಓದು ಎಂದರೆ ಮೊದಲು ಅವನಿಗೆ ಪರೀಕ್ಷೆ. ಈಗ ಫೋನಿನಲ್ಲಿ ಅವ್ವನಿಗೆ ಕಥೆ ಓದಿ ಹೇಳುತ್ತಾನೆ. ಕನ್ನಡದಲ್ಲಿ ಓದುತ್ತಾನೆ, ಲಂಬಾಣಿಯಲ್ಲಿ ಹೇಳುತ್ತಾನೆ. ಅವ್ವ ನಡುವೆ ತಡೆದು, ಆ ಹೆಂಗಸು ಹಾಗೇಕೆ ಮಾಡಿದಳು ಎಂದು ಕೇಳುತ್ತಾಳಂತೆ. ಉತ್ತರ ಗೊತ್ತಿಲ್ಲದೆ ಅವನು ಮತ್ತೆ ಅದೇ ಪುಟ ಓದುತ್ತಾನೆ. ಒಂದು ಪುಟವನ್ನು ಎರಡನೆಯ ಸಲ ಓದಬೇಕು ಎಂದು ನಾನು ಮೂರು ವರ್ಷ ಕ್ಲಾಸಿನಲ್ಲಿ ಹೇಳಿದೆ, ಕೇಳಲಿಲ್ಲ. ಅವ್ವ ಒಂದು ಪ್ರಶ್ನೆ ಕೇಳಿ ಕಲಿಸಿದಳು. ಆಕೆಗೆ ಸಹಿ ಹಾಕಲೂ ಬರುವುದಿಲ್ಲ.

ಎಲ್ಲವೂ ಇಷ್ಟು ಚೆಂದ ಇಲ್ಲ. ಮೂರು ವರ್ಷ ಕಳೆದರೂ ಬಸ್ಸಿನ ಬೋರ್ಡು, ಮೊಬೈಲಿನ ಮೆಸೇಜು ಬಿಟ್ಟು ಬೇರೇನೂ ಓದದವರು ಈ ಕಟ್ಟಿನಲ್ಲಿದ್ದಾರೆ. ಒಬ್ಬ ಹಾಗೆಂದೇ ಬರೆದಿದ್ದಾನೆ, ನೆಟ್ಟಗೆ ಎರಡೇ ಸಾಲು. ಸುಳ್ಳು ಹೇಳದ ಆ ಎರಡು ಸಾಲಿಗೆ ನಾನು ಮರ್ಯಾದೆ ಕೊಡುತ್ತೇನೆ. ಮದುವೆ ಗೊತ್ತಾಗಿ ಕೊನೆಯ ಸೆಮಿಸ್ಟರಿಗೆ ಬಾರದವರ ಹಾಳೆ ಇದರಲ್ಲಿ ಇಲ್ಲ. ಅವರನ್ನೂ ಲೆಕ್ಕಕ್ಕೆ ಹಿಡಿ.

ಮಹಾದಾಸೋಹಿಯೇ, ನನ್ನ ಬೇಡಿಕೆಗಳು ದೊಡ್ಡವಲ್ಲ. ಇವರು ‘ಮನೆ’ ಎಂದು ಬರೆಯುವುದನ್ನು ಕಲಿಯಲಿ, ‘ಮನಿ’ ಎಂದು ಮಾತಾಡಲು ನಾಚದಿರಲಿ. ಎರಡೂ ಬೇಕು. ನೌಕರಿಯ ಪರೀಕ್ಷೆಗೆ ಒಂದು, ಸುಖದುಃಖಕ್ಕೆ ಇನ್ನೊಂದು. ಕೆಪಿಎಸ್‌ಸಿ, ಪಿಡಿಒ, ಪೊಲೀಸ್ ಪರೀಕ್ಷೆಯ ಪುಸ್ತಕಗಳು ಕೈಯಲ್ಲಿ ಇರಲಿ, ಬೇಡವೆನ್ನುವುದಿಲ್ಲ, ಹೊಟ್ಟೆಯ ಮಾತು ಅದು. ಅವುಗಳ ಕೆಳಗೆ ಒಂದು ಕಥೆ ಪುಸ್ತಕವೂ ಇರಲಿ. ಊರ ಪಂಚಾಯಿತಿ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂದು ಹೆಸರಿಟ್ಟಾಗಿದೆ. ಇವರು ಕಲಬುರಗಿಯಿಂದ ಸಂಜೆಯ ಬಸ್ಸಿಗೆ ಮರಳಿ ಬರುವ ಹೊತ್ತಿಗೂ ಅಲ್ಲಿ ದೀಪ ಉರಿಯುವಂತೆ ಮಾಡು.

ಹೊಲಕ್ಕೆ ಬಂದ ಹಕ್ಕಿಗಳನ್ನು ನೀನು ಕವಣೆ ಬೀಸಿ ಓಡಿಸಲಿಲ್ಲ, ತಿನ್ನಲಿ ಎಂದು ಬಿಟ್ಟೆ ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ರಾಶಿಗೇನೂ ಕಡಿಮೆ ಬೀಳಲಿಲ್ಲವಂತೆ. ಈ ಮಕ್ಕಳಿಗೂ ಹಾಗೆ ಒಂದಿಷ್ಟು ಕಾಗದ ಬಿಟ್ಟುಕೊಡಿಸು. ಅಂಕವಿಲ್ಲದ, ಯಾರೂ ಕವಣೆ ಬೀಸದ ಕಾಗದ. ವಾರಕ್ಕೆ ಒಂದು ಪುಟ ಸಾಕು.

ಕೊನೆಯ ಮಾತು ನಿನಗಲ್ಲ ಅಪ್ಪಾ, ನನ್ನ ಜೊತೆ ಮೌಲ್ಯಮಾಪನಕ್ಕೆ ಕೂಡುವ ಸ್ನೇಹಿತರಿಗೆ. ನೀನು ಸಾಕ್ಷಿಯಾಗಿ ಕೇಳಿಸಿಕೊ. ಗುರುಗಳೇ, ಉತ್ತರ ಪತ್ರಿಕೆಯ ಕಟ್ಟು ಬಿಚ್ಚಿದಾಗ ದಿನಕ್ಕೆ ಇಷ್ಟು ಎಂದು ಮುಗಿಸುವ ಅವಸರ ನಮಗೆಲ್ಲ ಇರುತ್ತದೆ. ಆ ಅವಸರದಲ್ಲಿಯೂ ಯಾವ ಗೈಡಿನಲ್ಲೂ ಇಲ್ಲದ ಒಂದು ಸಾಲು ಕಣ್ಣಿಗೆ ಬಿದ್ದರೆ, ಒತ್ತು ತಪ್ಪಿರಲಿ, ದೀರ್ಘ ಬಿಟ್ಟಿರಲಿ, ನಮ್ಮ ಕಡೆಯ ಮಾತು ನುಸುಳಿರಲಿ, ಅಲ್ಲಿ ಪೆನ್ನು ನಿಲ್ಲಿಸಿ ಒಂದು ಸಲ ಓದಿರಿ. ಓದಿ, ಅದಕ್ಕೆ ಒಂದು ಅಂಕ ಹೆಚ್ಚು ಕೊಡಿರಿ.