ಖಾಲಿ ಮಾತ್ರೆ

ನಮ್ಮ ಓಣಿಯ ಪವರ್‌ಲೂಮುಗಳು ರಾತ್ರಿಯಿಡೀ ಖಟಖಟ ಎನ್ನುತ್ತಿರುತ್ತವೆ. ನಸುಕಿನಲ್ಲಿ ಪಾಳಿ ಬದಲಾಗುವಾಗ ಒಂದಿಷ್ಟು ಹೊತ್ತು ನಿಲ್ಲುತ್ತವೆ. ನನಗೆ ಎಚ್ಚರವಾಗುವುದು ಆ ನಿಶ್ಶಬ್ದಕ್ಕೆ.

ಧಾರವಾಡ ಬಿಟ್ಟು ಇಚಲಕರಂಜಿಗೆ ಬಂದು ನಾಲ್ಕು ವರ್ಷವಾಯಿತು. ದೂರವೇನಲ್ಲ, ಬೆಳಿಗ್ಗೆ ಹೊರಟರೆ ನಿಪ್ಪಾಣಿ, ಕಾಗಲ್ ದಾಟಿ ಮಧ್ಯಾಹ್ನದ ಊಟಕ್ಕೆ ಇಲ್ಲಿ. ಆದರೂ ಪರಸ್ಥಳ ಪರಸ್ಥಳವೇ. ಸಂತೆಯಲ್ಲಿ ಮರಾಠಿ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಪಕ್ಕದವಳು ಮೆಂತ್ಯದ ಸೂಡು ಚೀಲಕ್ಕೆ ಹಾಕಿಕೊಂಡು ಹೋಗಿರುತ್ತಾಳೆ. ನಾಲ್ಕು ಜನ ಹರಟುವಲ್ಲಿ ನಾನು ನಗುವುದು ಯಾವಾಗಲೂ ಒಂದು ಗಳಿಗೆ ತಡವಾಗಿ.

ಹೋದ ರವಿವಾರ ಪಕ್ಕದ ಮನೆಯ ವಹಿನಿ ಕೈಹಿಡಿದು ಕರೋಕೆಗೆ ಎಳೆದುಕೊಂಡು ಹೋದರು. ಹೋಗುವ ಮನಸ್ಸಿರಲಿಲ್ಲ. ಧಾರವಾಡದವರಿಗೆ ಹಾಡಿನ ವಿಷಯದಲ್ಲಿ ಒಂದು ಗತ್ತು ಇರುತ್ತದೆ, ತಾವು ಹಾಡದಿದ್ದರೂ ಸರಿ. ಆ ಗತ್ತಿನ ಬೇರು ಈ ಸೀಮೆಯಲ್ಲಿಯೇ ಇದೆ ಎಂಬುದು ಬೇರೆ ಮಾತು. ಅಲ್ಲಾದಿಯಾ ಖಾನರು ಕೊಲ್ಹಾಪುರಕ್ಕೆ ಬಂದು ಶಾಹೂ ಮಹಾರಾಜರ ಆಸ್ಥಾನದಲ್ಲಿ ಹಾಡಿದರು. ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಆ ಗಾಯನಶೈಲಿ ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಬಂತು. ಈ ಇಚಲಕರಂಜಿಯೋ, ವಿಷ್ಣು ದಿಗಂಬರ ಪಲುಸ್ಕರರ ಗುರು ಬಾಲಕೃಷ್ಣಬುವಾ ಅವರ ಹೆಸರಿಗೆ ಅಂಟಿಕೊಂಡ ಊರು. ಇಂಥಲ್ಲಿ ಯಂತ್ರದ ಸಂಗಡ ಹಾಡುವುದೇ ಎಂದು ಮೂಗು ಮುರಿದೇ ಮೆಟ್ಟಿಲು ಹತ್ತಿದೆ.

ನೂಲಿನ ಅಂಗಡಿಯ ಮೇಲಿನ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಲ್ಯಾಪ್‌ಟಾಪ್, ಎರಡು ಮೈಕು. ಮೈಕಿನ ಸ್ಪಂಜಿಗೆ ಭಡಂಗಿನ ಬೆಳ್ಳುಳ್ಳಿ ವಾಸನೆ. ನಾನು ಆರಿಸಿದ್ದು 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದ ಬೆಳಗಿನ ಹಾಡು. ಲತಾ ಹುಡುಗಿಯಾಗಿದ್ದಾಗ ಮಾಸ್ಟರ್ ವಿನಾಯಕರ ಚಿತ್ರ ಕಂಪನಿಯ ಜೊತೆ ಕೊಲ್ಹಾಪುರದಲ್ಲಿದ್ದವರು. 1945ರಲ್ಲಿ ಆ ಕಂಪನಿಯೊಂದಿಗೆ ಮುಂಬೈಗೆ ಹೋದರು. ಕನ್ನಡ ಅವರ ಮಾತಲ್ಲ. ಆದರೂ ಹಾಡಿದರು.

ನನ್ನ ಮಾತೇ ಕನ್ನಡ, ನಾನು ಎಡವಿದೆ. ಪಟ್ಟಿ ಲತಾ ಅವರದು, ಗಂಟಲು ನನ್ನದು. “ಎರಡು ಪಟ್ಟಿ ಇಳಸ್ರಿ” ಎನ್ನಲು ಸಂಕೋಚ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಓಡುತ್ತಿತ್ತು, ಅಕ್ಷರಗಳು ಒಂದೊಂದಾಗಿ ನೀಲಿಯಾಗುತ್ತಿದ್ದವು. ಅದನ್ನು ಬಿಡಿಸಿ ಓದುವಷ್ಟರಲ್ಲಿ ಒಂದು ಸಾಲು ಹೋಗಿಬಿಟ್ಟಿತ್ತು. ಊರಲ್ಲಾಗಿದ್ದರೆ ತಬಲಾದವನು ನಾನು ಬರುವವರೆಗೆ ಅದೇ ಠೇಕಾ ತಿರುಗಿಸುತ್ತ ಕೂತಿರುತ್ತಿದ್ದ, ಹಾರ್ಮೋನಿಯಂನವನು ಕಣ್ಣಲ್ಲೇ ‘ಬಾ’ ಎನ್ನುತ್ತಿದ್ದ. ಟ್ರ್ಯಾಕು ಯಾರನ್ನೂ ಕಾಯುವುದಿಲ್ಲ. ಸಂತೆಯ ಮೆಂತ್ಯದ ಸೂಡು ನೆನಪಾಯಿತು.

ಮೈಕು ಇಟ್ಟು ಕೂತೆ. ಯಾರೂ ನಗಲಿಲ್ಲ. ಗಡಹಿಂಗ್ಲಜದ ಕಾಕಾ ಒಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. “ಕನ್ನಡದವರೇನ್ರಿ ಅಕ್ಕಾರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಜೇಬಿನಿಂದ ಚಿಕ್ಕ ವಹಿ ತೆಗೆದರು. “ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಅಕ್ಷರ ಕೈಗೆ ಹತ್ತಲಿಲ್ರಿ.” ವಹಿಯ ತುಂಬ ಕನ್ನಡ ಹಾಡುಗಳು, ಎಲ್ಲ ದೇವನಾಗರಿಯಲ್ಲಿ. ಕೆಲವು ಅಕ್ಷರಗಳ ಕೆಳಗೆ ಕೆಂಪು ಶಾಯಿಯ ಚುಕ್ಕೆ. ಏನೆಂದು ಕೇಳಿದೆ. ಮರಾಠಿ ಬರವಣಿಗೆಯಲ್ಲಿ ನಮ್ಮ ಹ್ರಸ್ವ ‘ಎ’, ‘ಒ’ಗಳಿಗೆ ಬೇರೆ ಗುರುತಿಲ್ಲ, ಕೆರೆ ಎಂದು ಬರೆದರೂ ಕೇರೆ ಎಂದು ಬರೆದರೂ ಅಲ್ಲಿ ಒಂದೇ. ನೀರು ಯಾವುದು, ಹಾವು ಯಾವುದು ಎಂದು ತಿಳಿಯಲು ಕಾಕಾ ತಾವೇ ಹುಡುಕಿಕೊಂಡ ಉಪಾಯ ಆ ಚುಕ್ಕೆ. ಚುಕ್ಕೆ ಇದ್ದರೆ ಹ್ರಸ್ವ. ಯಾವ ವ್ಯಾಕರಣದವರೂ ಹೇಳಿಕೊಟ್ಟಿದ್ದಲ್ಲ.

ಆಮೇಲೆ ಎದ್ದು ಪರದೆಯ ಕಡೆ ನೋಡದೆ, ವಹಿ ಹಿಡಿದುಕೊಂಡು ಹಾಡಿದರು. ಸ್ವರ ಅಲ್ಲಲ್ಲಿ ಜಾರಿತು. ಒಂದು ಚುಕ್ಕೆಯೂ ತಪ್ಪಲಿಲ್ಲ. ಅವರಾದ ಮೇಲೆ ನಾನು ಇನ್ನೊಮ್ಮೆ ಎದ್ದೆ, ಈ ಸಲ ಪಟ್ಟಿ ಇಳಿಸಲು ಬಾಯಿಬಿಟ್ಟು ಹೇಳಿ.

ಮನೆಗೆ ಬಂದು ಕರೋಕೆಯ ಕಥೆ ಓದಿದೆ. 1971ರಲ್ಲಿ ಜಪಾನಿನ ಕೋಬೆ ನಗರದಲ್ಲಿ ದೈಸುಕೆ ಇನೋವೆ ಎಂಬ ವಾದ್ಯಗಾರ ಕರೋಕೆ ಪೆಟ್ಟಿಗೆ ಮಾಡಿದ. ಬಾರುಗಳಲ್ಲಿ ಗಿರಾಕಿಗಳು ಹಾಡಿದರೆ ಸಾಥ್ ಕೊಡುವುದು ಅವನ ಕಸುಬು. ಒಬ್ಬ ಸಣ್ಣ ಕಂಪನಿಯ ಯಜಮಾನನಿಗೆ ಇವನ ಸಾಥ್ ಇಲ್ಲದೆ ಹಾಡಲು ಬರುತ್ತಿರಲಿಲ್ಲ. ಪ್ರವಾಸಕ್ಕೆ ಜೊತೆಗೆ ಬಾ ಎಂದ. ಇವನಿಗೆ ಹೋಗಲಾಗಲಿಲ್ಲ, ಟೇಪಿನಲ್ಲಿ ನುಡಿಸಿ ಕೊಟ್ಟ, ಆತನ ಗಂಟಲಿಗೆ ತಕ್ಕಂತೆ. ಅಂದರೆ ಆ ಟೇಪು ಒಬ್ಬ ಮನುಷ್ಯನನ್ನು ಕಾದಿತ್ತು! ಕಾಯದೆ ಓಡುವ ಚಾಳಿ ಆಮೇಲಿನದು. ಇನೋವೆ ಪೇಟೆಂಟ್ ಮಾಡಿಸಲಿಲ್ಲ, ದುಡ್ಡು ಬೇರೆಯವರಿಗೆ ಹೋಯಿತು. 2004ರಲ್ಲಿ ನಗಿಸುವ ಬಹುಮಾನಗಳನ್ನು ಕೊಡುವ ಇಗ್ ನೊಬೆಲ್‌ನವರು ಅವನಿಗೆ ಶಾಂತಿ ಪ್ರಶಸ್ತಿ ಕೊಟ್ಟರು, ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಹೊಸ ದಾರಿ ತೋರಿದ್ದಕ್ಕೆ. ನನ್ನನ್ನು ಸಹಿಸಿಕೊಂಡ ಆ ಕೋಣೆಯವರಿಗೂ ಅದರಲ್ಲಿ ಪಾಲು ಸಲ್ಲಬೇಕು.

ಜಪಾನಿಯಲ್ಲಿ ‘ಕಾರಾ’ ಎಂದರೆ ಖಾಲಿ, ‘ಓಕೆ’ ಆರ್ಕೆಸ್ಟ್ರಾದ ತುಂಡು. ಖಾಲಿ ಎಂದೊಡನೆ ನನಗೆ ತೀನ್‌ತಾಲ ನೆನಪಾಗುತ್ತದೆ. ಅದರ ಒಂಬತ್ತನೆಯ ಮಾತ್ರೆ ಖಾಲಿ. ಅಲ್ಲಿ ಚಪ್ಪಾಳೆ ತಟ್ಟದೆ ಅಂಗೈ ತಿರುಗಿಸುತ್ತೇವೆ. ಆದರೆ ಎಣಿಕೆಯಿಂದ ಅದನ್ನು ಬಿಡುವ ಹಾಗಿಲ್ಲ. ಬಿಟ್ಟರೆ ಸಮ್, ಅಂದರೆ ಮರಳಿ ಬರಬೇಕಾದ ಮೊದಲ ಮಾತ್ರೆ, ಸಿಗುವುದಿಲ್ಲ. ನಾಲ್ಕು ವರ್ಷದಿಂದ ಈ ಊರಲ್ಲಿ ಸುಮ್ಮನಿದ್ದ ನನ್ನ ಬಾಯಿಯನ್ನು ನಾನು ಯಾವ ಲೆಕ್ಕದಲ್ಲಿ ಹಿಡಿದಿದ್ದೆನೋ.

ಕಾಕಾ ವಹಿಯನ್ನು ನನ್ನ ಹತ್ತಿರವೇ ಬಿಟ್ಟಿದ್ದಾರೆ. ಮುಂದಿನ ರವಿವಾರದೊಳಗೆ ಒಂದು ಹಾಡಾದರೂ ಕನ್ನಡ ಅಕ್ಷರದಲ್ಲಿ ಬರೆದುಕೊಡಬೇಕಂತೆ, ದೊಡ್ಡದಾಗಿ, ಅವರ ಸಾಲಿನ ಕೆಳಗೇ. ಚಹಾ ಆರುತ್ತಿದೆ. ‘ಕೆ’ ಬರೆದೆ, ‘ರೆ’ ಬರೆದೆ. ಇನ್ನು ಆ ಕೆಂಪು ಚುಕ್ಕೆಗಳ ಕೆಲಸವಿಲ್ಲ. ಅಳಿಸಲು ಕೈ ಬರುತ್ತಿಲ್ಲ. ಮೂಲೆಯ ಶೆಡ್ಡಿನಲ್ಲಿ ಮೊದಲ ಮಗ್ಗ ಶುರುವಾಯಿತು.